ನಕ್ಕ ಮೇಲೂ ನೆನಪಿನಲ್ಲಿ ಉಳಿಯುವ ಗೂಢಚಾರನನ್ನು ಕಟ್ಟುವುದು ಹೇಗೆ?

ಪ್ರಶ್ನೆ (ನವನಗರ, ಬಾಗಲಕೋಟೆ):
ಗೂಢಚರ್ಯೆಯನ್ನು ಲೇವಡಿ ಮಾಡುವ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಗುಪ್ತಚರ ಅಧಿಕಾರಿಯೊಬ್ಬ ಹಳೆಯ ಮಾಹಿತಿದಾರನನ್ನು ಹುಡುಕಿಕೊಂಡು ನಮ್ಮೂರಿಗೆ ಬರುತ್ತಾನೆ. ಆದರೆ ಕಡತದಲ್ಲಿರುವ ವಿಳಾಸ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದ ಓಣಿಯದು. ಓದಿದ ಗೆಳೆಯರು ಬಿದ್ದು ಬಿದ್ದು ನಕ್ಕರು, ವಾರ ಕಳೆಯುವಷ್ಟರಲ್ಲಿ ಅಧಿಕಾರಿಯ ಹೆಸರನ್ನೇ ಮರೆತರು. ಗಿರಿಜಾ ಮೀಸೆ, ಕಪ್ಪು ಕನ್ನಡಕ, ಮಾತುಮಾತಿಗೆ ಗಾದೆ ಹೇಳುವ ಚಟ, ಎಲ್ಲವನ್ನೂ ಕೊಟ್ಟಿದ್ದೇನೆ. ಇನ್ನೇನು ಕೊಡಬೇಕು?

ಉತ್ತರ (ಬೆಳಗಾವಿ):
ಮೊದಲು ಆ ಮೀಸೆಯನ್ನು ಬೋಳಿಸಿಬಿಡಿ. ಇಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಮಫ್ತಿಯಲ್ಲಿರುವ ಪೊಲೀಸರನ್ನು ಚಹಾದಂಗಡಿಯ ಹುಡುಗರೂ ಬೂಟು ನೋಡಿಯೇ ಗುರುತಿಸುತ್ತಾರೆ. ಇಂಗ್ಲಿಷ್ ಕಾದಂಬರಿಕಾರ ಜಾನ್ ಲ ಕಾರೆ 1961ರಲ್ಲಿ ಪರಿಚಯಿಸಿದ ಗೂಢಚಾರ ಜಾರ್ಜ್ ಸ್ಮೈಲಿ ಗಿಡ್ಡನೆಯ, ದಪ್ಪನೆಯ, ಮೈಗೆ ಒಪ್ಪದ ಬಟ್ಟೆ ತೊಡುವ ಮನುಷ್ಯ. ಟೈಯಿಂದ ಕನ್ನಡಕ ಒರೆಸಿಕೊಳ್ಳುವ ಅವನ ಅಭ್ಯಾಸ ಮನಸ್ಸಿಗೆ ಅಂಟಿಕೊಳ್ಳಲು ಕಾರಣ, ಹೆಂಡತಿಯ ವಿಷಯದಲ್ಲಿ ಅವನು ನುಂಗಿಕೊಂಡ ನೋವು ನಮಗೂ ಗೊತ್ತು, ಅದನ್ನೇ ಅಸ್ತ್ರ ಮಾಡಿಕೊಳ್ಳುವ ಎದುರಾಳಿಗೂ ಗೊತ್ತು.

ಉತ್ತರ (ವಿಜಯಪುರ):
ವಿಡಂಬನೆಯ ಪಾತ್ರಕ್ಕೆ ತಾನು ತಮಾಷೆಯ ಮನುಷ್ಯನೆಂಬುದು ತಿಳಿದಿರಬಾರದು. ಗ್ರಹಾಂ ಗ್ರೀನ್ ಅವರ 1958ರ ಕಾದಂಬರಿಯಲ್ಲಿ ಹವಾನಾದ ವ್ಯಾಕ್ಯೂಮ್ ಕ್ಲೀನರ್ ವ್ಯಾಪಾರಿ ವರ್ಮೋಲ್ಡ್, ಇಲ್ಲದ ಏಜೆಂಟರ ಹೆಸರಿನಲ್ಲಿ ಹಣ ಪಡೆದು, ಕ್ಲೀನರಿನ ಬಿಡಿಭಾಗಗಳ ಚಿತ್ರ ಬರೆದು, ಭಯಂಕರ ಅಸ್ತ್ರವೆಂದು ಲಂಡನ್ನಿನ ಗುಪ್ತಚರ ಇಲಾಖೆಗೆ ಕಳಿಸುತ್ತಾನೆ. ಪಾಪ, ಮಗಳು ಕುದುರೆ ಕೊಂಡಿದ್ದಾಳೆ, ಖರ್ಚು ತೂಗಬೇಕು.

ನಿಮ್ಮ ಅಧಿಕಾರಿಗೂ ಅಂಥದೊಂದು ಗಂಟು ಹಾಕಿ ನೋಡಿ. ಆ ಮಾಹಿತಿದಾರ ಊರು ಮುಳುಗುವ ಮೊದಲೇ ತೀರಿಕೊಂಡಿದ್ದಾನೆ. ಅಂದಿನಿಂದ ಅವನ ತಿಂಗಳ ಸಂಭಾವನೆಯ ರಸೀದಿಗೆ ಹೆಬ್ಬೆಟ್ಟು ಒತ್ತುತ್ತಿರುವವನು ಈ ಅಧಿಕಾರಿಯೇ. ಹುಡುಕಿ ತರಲು ಮೇಲಿನವರು ಈಗ ಅವನನ್ನೇ ಕಳಿಸಿದ್ದಾರೆ. ಆಗ ಯಾರು ಎದುರಾದರೂ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಳ್ಳುವ ಅಭ್ಯಾಸ ತಾನಾಗಿಯೇ ಹುಟ್ಟುತ್ತದೆ, ಮೀಸೆಯ ಹಂಗಿರುವುದಿಲ್ಲ. (ಒಂದು ಬಿನ್ನಹ: ಗುಟ್ಟಿನ ಭೇಟಿಗೆಂದು ಅವನನ್ನು ನಮ್ಮ ಗೋಳಗುಮ್ಮಟಕ್ಕೆ ಕರೆತರಬೇಡಿ. ಅಲ್ಲಿ ಪಿಸುಗುಟ್ಟಿದ್ದು ಆಚೆ ಬದಿಗೂ ಕೇಳಿಸುತ್ತದೆ. ಹಾಗಾಗಿ ಎಲ್ಲರೂ ಆ ದೃಶ್ಯವನ್ನೇ ಬರೆಯುತ್ತಾರೆ.)

ಪ್ರಶ್ನೆ ಕೇಳಿದವರು:
ಹೆಬ್ಬೆಟ್ಟು ಬಹಳ ಹಿಡಿಸಿತು, ಸರ್. ಗಾದೆಗಳನ್ನೂ ತೆಗೆದುಹಾಕುತ್ತೇನೆ. ಆದರೆ ಈ ಗುಟ್ಟು ಓದುಗರಿಗೆ ಮೊದಲೇ ತಿಳಿಯಬೇಕೋ, ಕೊನೆಗೋ?

ಉತ್ತರ (ಬೆಳಗಾವಿ):
ಮೊದಲ ಅಧ್ಯಾಯದಲ್ಲೇ ತಿಳಿಸಿಬಿಡಿ. ಹಿನ್ನೀರಿನ ದಂಡೆಯಲ್ಲಿ ದೋಣಿಯವನು "ಸಾಹೇಬ್ರ, ಆ ಮನಿಯವ್ರು ನಿಮಗ ಏನಾಗಬೇಕ್ರಿ?" ಎಂದು ಕೇಳಿದಾಗ, ಓದುಗ ಅಧಿಕಾರಿಯ ಮುಖ ಬಿಟ್ಟು ಕೈಯನ್ನೇ ನೋಡುತ್ತಿರುತ್ತಾನೆ.