ತಗ್ಗುಕಾಡಿನಲ್ಲಿ ವುಡ್‌ಕಾಕ್ ಬೇಟೆ: ನಾಯಿ ಹಕ್ಕಿಯನ್ನು ಮೊದಲೇ ಎಬ್ಬಿಸುತ್ತದೆ, ಬಿದ್ದದ್ದನ್ನು ಬಾಯಿಗೆ ತೆಗೆದುಕೊಳ್ಳುವುದಿಲ್ಲ

ಬಯೂ ನಿವಾಸಿ:

ಎಲ್ಲರಿಗೂ ನಮಸ್ಕಾರ. ನಾನು ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ ನೆಲೆಸಿರುವವನು. ನನ್ನಲ್ಲಿ 3 ವರ್ಷದ ಬ್ರಿಟನಿ ತಳಿಯ ಗಂಡು ನಾಯಿಯೊಂದಿದೆ. ಮೈಮೇಲೆ ಕೆಂಚು ಮಚ್ಚೆಗಳಿರುವುದರಿಂದ ಕೆಂಚ ಎಂದು ಹೆಸರಿಟ್ಟಿದ್ದೇವೆ. ಒಂದು ತರಬೇತಿ ಕೇಂದ್ರದಲ್ಲಿ, ಗೂಡಿನಲ್ಲಿ ಸಾಕಿದ ಬಾಬ್‌ವೈಟ್ ಕ್ವೇಲ್ ಎಂಬ ಸಣ್ಣ ಹಕ್ಕಿಗಳ ಮೇಲೆ ಅದು ಪಾಯಿಂಟ್ ಮಾಡುವುದನ್ನು, ಅಂದರೆ ವಾಸನೆ ಸಿಕ್ಕಾಗ ಹಕ್ಕಿಯತ್ತ ಮುಖಮಾಡಿ ಅಲುಗಾಡದೆ ನಿಲ್ಲುವುದನ್ನು, ಚೆನ್ನಾಗಿ ಕಲಿತಿತ್ತು. ಅಲ್ಲಿ ಬಿದ್ದ ಹಕ್ಕಿಯನ್ನು ಓಡಿಹೋಗಿ ಕಚ್ಚಿ ತಂದು ನನ್ನ ಕೈಗೇ ಕೊಡುತ್ತಿತ್ತು.

ಈ ಚಳಿಗಾಲದಲ್ಲಿ ಮೊದಲ ಬಾರಿಗೆ ಅಚಾಫಲಾಯ ನದಿಯ ತಗ್ಗುಕಾಡಿನಲ್ಲಿರುವ ಶರ್ಬರ್ನ್ ವನ್ಯಜೀವಿ ನಿರ್ವಹಣಾ ಪ್ರದೇಶಕ್ಕೆ, ಉದ್ದ ಕೊಕ್ಕಿನ ವುಡ್‌ಕಾಕ್ ಹಕ್ಕಿಯ ಬೇಟೆಗಾಗಿ ಅದನ್ನು ಕರೆದೊಯ್ದೆ. ಐದು ಬೆಳಗಿನ ಓಡಾಟದಲ್ಲಿ ಒಟ್ಟು 14 ಹಕ್ಕಿಗಳು ಎದ್ದವು. ಅವುಗಳಲ್ಲಿ 9 ಹಕ್ಕಿಗಳನ್ನು ಕೆಂಚ ಪಾಯಿಂಟ್ ಮಾಡುವ ಮೊದಲೇ, ಅಥವಾ ಪಾಯಿಂಟ್ ಮಾಡಿ ನಾನು ತಲುಪುವುದರೊಳಗೆ ಮುಂದೆ ತೆವಳಿ ಎಬ್ಬಿಸಿಬಿಟ್ಟಿತು. 3 ಹಕ್ಕಿಗಳ ಮೇಲೆ ಮಾತ್ರ ಕಲ್ಲಿನಂತೆ ನಿಂತಿತು, ಉಳಿದ 2 ತಾವಾಗಿಯೇ ಎದ್ದವು. ಎಬ್ಬಿಸಿದವುಗಳಲ್ಲಿ 2, ನಿಂತು ತೋರಿಸಿದವುಗಳಲ್ಲಿ 2, ಹೀಗೆ 4 ಹಕ್ಕಿಗಳನ್ನು ಹೊಡೆದೆ. ನಾಲ್ಕನ್ನೂ ಕೆಂಚ ಹುಡುಕಿ, ಮೂಸಿ, ತುಟಿ ಮೇಲೆತ್ತಿ ಹಿಂದೆ ಸರಿಯಿತು. ಮೂಗಿನಲ್ಲಿ ದೋಷವಿರಬಹುದೇ? ಅಥವಾ ತರಬೇತಿಯನ್ನು ಮೊದಲಿನಿಂದ ಆರಂಭಿಸಬೇಕೇ? ಜನವರಿ 31ಕ್ಕೆ ಸೀಸನ್ ಮುಗಿಯುವುದರಿಂದ ಉಳಿದಿರುವ ದಿನಗಳನ್ನು ಹಾಳುಮಾಡಿಕೊಳ್ಳಲು ಮನಸ್ಸಿಲ್ಲ.

ಹಳೆಯ ಸೆಟರ್:

ನಮಸ್ಕಾರ. ಎಣಿಕೆಯನ್ನು ಇಷ್ಟು ಸರಿಯಾಗಿ ಕೊಟ್ಟದ್ದು ಒಳ್ಳೆಯದಾಯಿತು. ಉತ್ತರ ಅದರಲ್ಲೇ ಇದೆ. ನಿಮ್ಮ ಕೆಂಚನ ಮೂಗು ಸರಿಯಾಗಿಯೇ ಇದೆ, ಏಕೆಂದರೆ ದೋಷವಿರುವ ಮೂಗು ಬಿದ್ದ ನಾಲ್ಕು ಹಕ್ಕಿಗಳನ್ನೂ ಎಲೆರಾಶಿಯ ನಡುವೆ ಹುಡುಕಿ ತೋರಿಸುತ್ತಿರಲಿಲ್ಲ. ಅದು ತಾನು ಕಲಿತ ಪಾಠವನ್ನೇ ಒಪ್ಪಿಸುತ್ತಿದೆ. ಗೂಡಿನಲ್ಲಿ ಬೆಳೆದ ಕ್ವೇಲ್ ಸರಿಯಾಗಿ ಹಾರಲಾರದು, ನಾಯಿ ಎರಡು ಹೆಜ್ಜೆ ಹೆಚ್ಚು ಹತ್ತಿರ ಹೋದರೂ ಅಲ್ಲೇ ಕುಳಿತಿರುತ್ತದೆ, ಆದ್ದರಿಂದ ವಾಸನೆ ಸಿಕ್ಕ ಮೇಲೂ ಮುಂದೆ ಸರಿಯಬಹುದು ಎಂಬ ಅಭ್ಯಾಸ ನಾಯಿಗೆ ತಿಳಿಯದಂತೆಯೇ ಅಂಟಿಕೊಳ್ಳುತ್ತದೆ. ಕಾಡಿನ ವುಡ್‌ಕಾಕ್ ಸಾಮಾನ್ಯವಾಗಿ ತನ್ನ ಒಣಎಲೆ ಬಣ್ಣವನ್ನು ನಂಬಿ ಅಲುಗಾಡದೆ ಕುಳಿತರೂ, ಅದರ ಸಹನೆಗೆ ಒಂದು ಗಡಿ ಇದೆ.

ಎರಡನೆಯ ಕಾರಣ ನೀವು, ಇದನ್ನು ನೋಯಿಸಲು ಹೇಳುತ್ತಿಲ್ಲ. ನಾಯಿ ತಪ್ಪಾಗಿ ಎಬ್ಬಿಸಿದ ಹಕ್ಕಿಗಳಲ್ಲಿ ಎರಡನ್ನು ಹೊಡೆದಿದ್ದೀರಿ. ಕೆಂಚನ ಲೆಕ್ಕದಲ್ಲಿ, ನಿಂತರೂ ಬಂದೂಕು ಸದ್ದು ಮಾಡುತ್ತದೆ, ನುಗ್ಗಿದರೂ ಸದ್ದು ಮಾಡುತ್ತದೆ. ಹಾಗಿದ್ದ ಮೇಲೆ ಅದು ಏಕೆ ನಿಲ್ಲಬೇಕು? ಇವತ್ತಿನಿಂದ ಪಾಯಿಂಟ್ ಮಾಡಿ ನಿಂತ ಹಕ್ಕಿಯನ್ನು ಬಿಟ್ಟು ಬೇರೆ ಯಾವುದಕ್ಕೂ ಗುಂಡು ಹಾರಿಸಬೇಡಿ. ಎಬ್ಬಿಸಿದ ಹಕ್ಕಿ ಹಾರಿಹೋದಾಗ ಗದರಬೇಡಿ, ಓಡಿಸಬೇಡಿ. ನಾಯಿಯ ಬಳಿಗೆ ನಡೆದುಹೋಗಿ, ಅದನ್ನು ಎತ್ತಿ ಮೊದಲು ವಾಸನೆ ಹಿಡಿದಿದ್ದ ಜಾಗಕ್ಕೇ ತಂದು, ಒಂದು ನಿಮಿಷ ಸುಮ್ಮನೆ ನಿಲ್ಲಿಸಿ ಮುಂದೆ ಹೋಗಿ. ನನ್ನ ಅನುಭವದಲ್ಲಿ ಕಾಡುಹಕ್ಕಿ ಕಲಿಸುವಷ್ಟು ಬೇಗ ಯಾವ ಹಗ್ಗವೂ, ಯಾವ ಕರೆಂಟ್ ಕಾಲರ್ ಕೂಡ ಕಲಿಸಿಲ್ಲ. ಮುಳ್ಳುಬಳ್ಳಿ, ಪ್ರಿವೆಟ್ ಪೊದೆ, ಬಿದಿರಿನ ಜಾತಿಯ ಕೇನ್ ಮೆಳೆಗಳ ನಡುವೆ ಉದ್ದನೆಯ ಹಗ್ಗ ಕಟ್ಟಿ ಬಿಡಲು ಹೋಗಲೇಬೇಡಿ, ಅದು ಸಿಕ್ಕಿಕೊಂಡು ನಾಯಿಗೆ ಅಪಾಯ.

ಜಾಗದ ವಿಷಯವನ್ನೂ ನೋಡಿಕೊಳ್ಳಿ. ಈ ಹಕ್ಕಿಗಳು ರಾತ್ರಿ ಬಯಲುಗಳಲ್ಲಿ ಎರೆಹುಳು ಹುಡುಕಿ, ಮುಂಜಾನೆ ಕತ್ತಲಲ್ಲೇ ದಟ್ಟ ಪೊದೆಗೆ ಮರಳುತ್ತವೆ. ನೀವು ಬೆರಳನ್ನು ಮಣ್ಣಿಗೆ ಒತ್ತಿದರೆ ಎರಡನೆಯ ಗೆಣ್ಣಿನವರೆಗೂ ಸಲೀಸಾಗಿ ಇಳಿಯಬೇಕು. ಕೊಕ್ಕು ಹೆಣ್ಣಿನಲ್ಲಿ ಸುಮಾರು 7 ಸೆಂಟಿಮೀಟರ್ ಇದ್ದು, ಮೇಲಿನ ಕೊಕ್ಕಿನ ತುದಿ ಮಣ್ಣೊಳಗೇ ತೆರೆದು ಹುಳುವನ್ನು ಹಿಡಿಯಬಲ್ಲದು. ಹಿಕ್ಕೆ ನೋಡುವುದನ್ನು ಕಲಿಯಿರಿ. ಓಕ್ ಮರದ ಕಂದು ಎಲೆಯ ಮೇಲೆ, ಬೆರಳ ತುದಿಯಿಂದ ಸುಣ್ಣ ಚಿಮುಕಿಸಿದಂತೆ ಬಿಳಿ ಚುಕ್ಕೆ ಇರುತ್ತದೆ. ಅದು ಹೊಳೆಯುತ್ತಾ ಒದ್ದೆಯಾಗಿದ್ದರೆ ಹಕ್ಕಿ ಹತ್ತಿರದಲ್ಲಿದೆ, ಒಣಗಿ ಮಾಸಿದ್ದರೆ ಮುಂದೆ ನಡೆಯಿರಿ. ಕೆಂಚ ಖಾಲಿ ಜಾಗದಲ್ಲಿ ನಿಂತರೆ ಅದನ್ನು ಸುಳ್ಳುಗಾರನೆಂದು ತಿಳಿಯಬಾರದು: ಗಾಳಿ ಬೀಸದ ತಗ್ಗಿನಲ್ಲಿ ತಂಪಾದ ತೇವದ ಗಾಳಿಯೊಂದಿಗೆ ವಾಸನೆ ಹಕ್ಕಿ ನಡೆದುಹೋದ ಮೇಲೂ ನಿಂತುಬಿಡುತ್ತದೆ. ಅಂಥ ದಿನ ಒಂದು ಸುತ್ತು ಹಾಕಿಸಿ, ಇಪ್ಪತ್ತು ಹೆಜ್ಜೆಯೊಳಗೆ ಮತ್ತೆ ಸಿಗಬಹುದು.

ಕೊರಳಿಗೆ ಗಂಟೆ ಕಟ್ಟಿದ್ದೀರಾ? ಗಂಟೆ ನಿಂತದ್ದೇ ಪಾಯಿಂಟ್. ಆ ಮೌನ ಕೇಳಿಸಿದ ಮೇಲೆ "ನಿಲ್ಲು, ನಿಲ್ಲು" ಎಂದು ಕೂಗುತ್ತಾ ಬೆನ್ನ ಹಿಂದಿನಿಂದ ಧಾವಿಸಿದರೆ ನಾಯಿ ಒತ್ತಡಕ್ಕೆ ಸಿಕ್ಕಿ ಮುಂದೆ ಸರಿಯುತ್ತದೆ. ಬದಿಯಿಂದ ಬಾಗಿ ಬಂದು, ಹಕ್ಕಿ ನಿಮ್ಮಿಬ್ಬರ ನಡುವೆ ಇರುವಂತೆ ನಿಲ್ಲಿ. ಎದ್ದಾಗ ರೆಕ್ಕೆಯ ಹೊರಗಿನ ಮೂರು ಸಣ್ಣ ಗರಿಗಳಿಂದ ಬರುವ ಕಿಚಕಿಚ ಸದ್ದಿಗೆ ಗಾಬರಿಯಾಗಬೇಡಿ. ಹಕ್ಕಿ ಸಾಮಾನ್ಯವಾಗಿ ಕೊಂಬೆಗಳ ಎತ್ತರಕ್ಕೆ ನೆಟ್ಟಗೆ ಏರಿ, ಅಲ್ಲಿ ತಿರುಗುವ ಮುನ್ನ ಒಂದು ಕ್ಷಣ ನಿಂತಂತಾಗುತ್ತದೆ. ಆಗಲೇ ಹೊಡೆಯಬೇಕು.

ಕಾಫಿ ತೋಟ:

ಬಿದ್ದ ಹಕ್ಕಿಯ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ವುಡ್‌ಕಾಕನ್ನು ಬಾಯಿಗೆ ತೆಗೆದುಕೊಳ್ಳಲು ಒಪ್ಪದ ನಾಯಿಗಳು ಬಹಳ ಇವೆ, ಒಳ್ಳೆಯ ತಳಿಯವೂ ಸೇರಿದಂತೆ. ಅದರ ವಾಸನೆಯೂ ಸುಲಭವಾಗಿ ಉದುರಿ ನಾಲಿಗೆಗೆ ಅಂಟುವ ಗರಿಗಳೂ ಅವಕ್ಕೆ ಸೇರುವುದಿಲ್ಲ ಎಂದು ಬೇಟೆಗಾರರು ಹೇಳುತ್ತಾರೆ. ಬಲವಂತವಾಗಿ ಬಾಯಿಗೆ ತುರುಕಬೇಡಿ, ಒಮ್ಮೆ ಅಸಹ್ಯ ಹುಟ್ಟಿದರೆ ಅದು ಹೋಗುವುದು ಕಷ್ಟ. ಒಂದು ಹಕ್ಕಿಯ ರೆಕ್ಕೆಯನ್ನು ಫ್ರೀಜರ್‌ನಲ್ಲಿಟ್ಟು, ನೈಲಾನ್ ಕಾಲುಚೀಲದೊಳಗೆ ಕಟ್ಟಿ, ಮನೆಯಂಗಳದಲ್ಲಿ ದಿನಕ್ಕೆ ಎರಡು ಬಾರಿ ಆಟವಾಡಿಸಿ. ಚೀಲದಿಂದ ಕಚ್ಚುವುದು ರೂಢಿಯಾದ ಮೇಲೆ ಚೀಲ ತೆಗೆಯಿರಿ.

ಊರಿನ ನೆನಪಿಗೆ ಹೇಳುವುದಾದರೆ, ನಮ್ಮ ಪಶ್ಚಿಮ ಘಟ್ಟಕ್ಕೂ ನೀಲಗಿರಿಗೂ ಚಳಿಗಾಲದಲ್ಲಿ ಇದರ ದೊಡ್ಡ ಬಂಧು, ಯುರೇಷ್ಯದ ವುಡ್‌ಕಾಕ್, ಬರುತ್ತದೆ. ಶೋಲಾ ಕಾಡಿನ ಒದ್ದೆ ಕೊರಕಲುಗಳೇ ಅದರ ಜಾಗ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆ ನಿಷಿದ್ಧ, ನೋಡಿ ಸಂತೋಷಪಡುವುದಷ್ಟೇ. ನೀವಿರುವಲ್ಲಿ ಕಾನೂನು ಅವಕಾಶ ಕೊಟ್ಟಿದೆ, ದಿನಕ್ಕೆ 3 ಹಕ್ಕಿಯ ಮಿತಿಯನ್ನೂ, ಬಂದೂಕಿನಲ್ಲಿ 3ಕ್ಕಿಂತ ಹೆಚ್ಚು ತೋಟಾ ಹಿಡಿಯದಂತೆ ಪ್ಲಗ್ ಇರಬೇಕೆಂಬ ನಿಯಮವನ್ನೂ ಪಾಲಿಸುತ್ತಿದ್ದೀರಿ ಎಂದು ನಂಬುತ್ತೇನೆ. ಜಿಂಕೆ ಬೇಟೆಗಾರರೂ ಅದೇ ಕಾಡಿನಲ್ಲಿರಬಹುದಾದ್ದರಿಂದ ಕೆಂಚನಿಗೂ ಕಿತ್ತಳೆ ಬಣ್ಣದ ಅಂಗಿ ಹಾಕಿ.

ಬಯೂ ನಿವಾಸಿ:

ಹಳೆಯ ಸೆಟರ್ ಅವರಿಗೂ ಕಾಫಿ ತೋಟ ಅವರಿಗೂ ಮನಸಾರೆ ಕೃತಜ್ಞತೆಗಳು. ಪ್ಲಗ್ ಇದೆ, ಕಿತ್ತಳೆ ಅಂಗಿಯೂ ಇದೆ, ಗಂಟೆಯನ್ನು ಹೊಸದಾಗಿ ಕಟ್ಟಿದೆ. ಎರಡು ವಾರಗಳಲ್ಲಿ ನಾಲ್ಕು ಬೆಳಗು ಹೋಗಿದ್ದೆವು. ಮೊದಲ ಎರಡು ದಿನ ಕೆಂಚ 5 ಹಕ್ಕಿಗಳನ್ನು ಎಬ್ಬಿಸಿತು, ನಾನು ಬಂದೂಕನ್ನು ಭುಜಕ್ಕೆ ಏರಿಸಲಿಲ್ಲ. ಒಂದು ಹಕ್ಕಿ ನನ್ನ ಟೋಪಿಯ ಮೇಲೆಯೇ ಹಾರಿಹೋಯಿತು, ಬಿಡುವುದು ನಿಜಕ್ಕೂ ಕಷ್ಟವಾಯಿತು. ಮೂರನೆಯ ದಿನ, ಹಿಂದಿನ ರಾತ್ರಿಯ ಮಳೆ ನಿಂತ ಮೇಲೆ, ತಗ್ಗಿನಲ್ಲೆಲ್ಲ ನೀರು ನಿಂತಿತ್ತು, ಆದ್ದರಿಂದ ಏರಿನ ಮೇಲಿನ ಪೊದೆಯಲ್ಲಿ ಹುಡುಕಿದೆವು. ಗಂಟೆ ನಿಂತಿತು. ಬದಿಯಿಂದ ಸುತ್ತಿ ಬಂದಾಗ ಕೆಂಚನ ಒಂದು ಮುಂಗಾಲು ಗಾಳಿಯಲ್ಲೇ ಇತ್ತು, ಮೂಗಿನಿಂದ ಮೊಳಕ್ಕೂ ಕಡಿಮೆ ದೂರದಲ್ಲಿ, ತಲೆಯ ಹಿಂಭಾಗದಲ್ಲಿ ನೆಟ್ಟಂತಿರುವ ಆ ಕಪ್ಪು ಕಣ್ಣು ಎಲೆಗಳ ನಡುವೆ ಹೊಳೆಯುತ್ತಿತ್ತು. ಅದನ್ನು ನೋಡದಿದ್ದರೆ ಹಕ್ಕಿ ಇದೆಯೆಂದೇ ತಿಳಿಯುತ್ತಿರಲಿಲ್ಲ. ಆ ದಿನ 4 ಪಾಯಿಂಟ್, ನಾಲ್ಕನೆಯ ದಿನ 3. ಎಬ್ಬಿಸಿದ್ದು ಎರಡೂ ದಿನ ಸೇರಿ ಒಂದೇ.

ರೆಕ್ಕೆಯ ಆಟ ಅಂಗಳದಲ್ಲಿ ನಡೆಯುತ್ತಿದೆ, ಚೀಲವಿದ್ದರೆ ಕಚ್ಚುತ್ತದೆ, ತೆಗೆದರೆ ಇಲ್ಲ. ಕಾಡಿನಲ್ಲಿ ಬಿದ್ದ ಹಕ್ಕಿಯ ಬಳಿ ನಿಂತು ನನ್ನನ್ನೇ ನೋಡುತ್ತದೆ.

ಹಳೆಯ ಸೆಟರ್:

ಅಷ್ಟು ಮಾಡಿದರೆ ಈ ಸೀಸನ್‌ಗೆ ಸಾಕು. ಬಿದ್ದ ಹಕ್ಕಿಯ ಬಳಿ ನಿಂತು ತೋರಿಸುವ ನಾಯಿ ಹಕ್ಕಿಯನ್ನು ಕಳೆದುಹೋಗಲು ಬಿಡುವುದಿಲ್ಲ. ನೀವೇ ಬಗ್ಗಿ ಎತ್ತಿಕೊಂಡು ಅದರ ಬೆನ್ನು ತಟ್ಟಿ. ಕಚ್ಚಿ ತರುವುದನ್ನು ಫೆಬ್ರವರಿಯ ನಂತರ, ಬಂದೂಕಿಲ್ಲದ ಅಂಗಳದಲ್ಲಿ ಮುಂದುವರಿಸಿ. ಏಪ್ರಿಲ್ ಹೊತ್ತಿಗೆ ಚೀಲವಿಲ್ಲದ ರೆಕ್ಕೆಯನ್ನು ಹಿಡಿಯದಿದ್ದರೆ ಇಲ್ಲೇ ಬರೆಯಿರಿ, ಮುಂದಿನ ಹೆಜ್ಜೆ ಹೇಳುತ್ತೇನೆ.