ಎದೆ ಉರಿ, ಹುಳಿತೇಗು, ಮಾತ್ರೆ: ಡಾಕ್ಟರನ್ನು ಕೇಳಿ (ಕೋಲಾರ ಜಿಲ್ಲೆ ಗುಂಪು)

ಸದಸ್ಯೆ, ಬಂಗಾರಪೇಟೆ: ಡಾಕ್ಟ್ರೇ, ಒಮೆಪ್ರಜೋಲ್ ಮಾತ್ರೆಯನ್ನು ರಾತ್ರಿ ಮುದ್ದೆ ಊಟ ಆದಮೇಲೆ ನುಂಗುತ್ತೇನೆ. ಉರಿ ಕಮ್ಮಿಯೇ ಆಗುತ್ತಿಲ್ಲ. ಡೋಸ್ ಜಾಸ್ತಿ ಮಾಡಲಾ?

ಡಾಕ್ಟರ್: ಬೇಡ. ಮೊದಲು ಹೊತ್ತು ಬದಲಿಸಿ. ಹೊಟ್ಟೆಯಲ್ಲಿ ಆಮ್ಲ ಸುರಿಸುವ ಕೋಶಗಳಿವೆ. ಆಮ್ಲ ತಳ್ಳುವುದು ಒಂದು ಪ್ರೋಟೀನ್ ಪಂಪ್. ಹೊಟ್ಟೆ ಖಾಲಿ ಇದ್ದಾಗ ಬಹುಪಾಲು ಪಂಪ್‌ಗಳು ಕೋಶದ ಒಳಗೇ, ಪುಟ್ಟ ಪೊರೆಚೀಲಗಳಲ್ಲಿ ಸುಮ್ನೆ ಇರುತ್ತವೆ. ಊಟಕ್ಕೆ ಕೂತಾಗ ಹಿಸ್ಟಮಿನ್, ಗ್ಯಾಸ್ಟ್ರಿನ್ ಎಂಬ ಮೈಯೊಳಗಿನ ಸಂದೇಶ ರಾಸಾಯನಿಕಗಳು, ನರ ಎಲ್ಲ ಸೇರಿ ಕೋಶವನ್ನು ಎಬ್ಬಿಸುತ್ತವೆ. ಚೀಲಗಳು ಅಂಚಿಗೆ ಸರಿದು ಹೊರಪೊರೆಗೆ ಬೆಸೆದುಕೊಳ್ಳುತ್ತವೆ. ಆಗ ಪಂಪ್ ಒಂದು ಪೊಟ್ಯಾಸಿಯಂ ಒಳಗೆಳೆದು ಒಂದು ಹೈಡ್ರೋಜನ್ ಅಯಾನನ್ನು (ಆಮ್ಲ ಮಾಡುವ ಕಣ) ಹೊರದೂಡುತ್ತದೆ. ಕೋಶದ ಒಳಗಿಗಿಂತ ಹೊರಗೆ ಆಮ್ಲ 10 ಲಕ್ಷ ಪಟ್ಟಿಗೂ ಜಾಸ್ತಿ! ಊಟದ ಕೆಲಸ ಮುಗಿದ ಮೇಲೆ ಪೊರೆ ಪಂಪ್ ಸಮೇತ ಒಳಗೆ ವಾಪಸ್. ಎಷ್ಟು ಸಲ ಓದಿದರೂ ನನಗೆ ಬೆರಗೇ. ನಿಮ್ಮ ಮಾತ್ರೆ ಹಿಡಿಯುವುದು ಹೊರಗೆ ಬಂದು ದುಡಿಯುತ್ತಿರುವ ಪಂಪನ್ನು. ರಕ್ತದಲ್ಲಿ ಮಾತ್ರೆಯ ಔಷಧಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಅದಕ್ಕೇ ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಒಂದೇ ದಿನಕ್ಕೆ ಎಲ್ಲ ಪಂಪ್ ಸಿಗಲ್ಲ, 3-4 ದಿನ ಕಾಯಿರಿ.

ಸದಸ್ಯ, ಮಾಲೂರು: ಊಟದ ಮೊದಲಾ, ಆಮೇಲಾ?

ಡಾಕ್ಟರ್: ಮೇಲೆ ಓದಿ.

ಸದಸ್ಯ, ಮುಳಬಾಗಿಲು: ದಿನಾ ಅಡುಗೆ ಸೋಡಾ ನೀರು ಕುಡಿದರೆ ಆಮ್ಲ ಬುಡಸಮೇತ ಹೋಗುತ್ತದಂತೆ. ಫಾರ್ವರ್ಡ್ ಬಂದಿದೆ.

ಡಾಕ್ಟರ್: ಇರುವ ಆಮ್ಲ ಸ್ವಲ್ಪ ಹೊತ್ತು ತಣಿಯುತ್ತದೆ ಅಷ್ಟೇ. ಪಂಪ್ ನಿಲ್ಲಲ್ಲ. ಅದರ ತುಂಬಾ ಸೋಡಿಯಂ. ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರು ಇದನ್ನು ಕುಡಿಯಬೇಡಿ. ದಯವಿಟ್ಟು ಹಂಚಲೂಬೇಡಿ.

ಮುಳಬಾಗಿಲು: ನಮ್ಮಜ್ಜಿ ಕುಡಿದೇ ಗಟ್ಟಿಯಾಗಿದ್ದರು.

ಮಾಲೂರು: ಹೊಲದಲ್ಲಿ ದುಡಿದು ಗಟ್ಟಿಯಾಗಿದ್ದರು, ಸೋಡಾದಿಂದಲ್ಲ.

ಮುಳಬಾಗಿಲು: ನಿಮ್ಮನ್ನು ಯಾರು ಕೇಳಿದರು?

ಸದಸ್ಯೆ, ಶ್ರೀನಿವಾಸಪುರ: ಬಸುರಿಯರು ಈ ಮಾತ್ರೆ ನುಂಗಬಹುದಾ?

ಸದಸ್ಯ, ಕೆಜಿಎಫ್: ಅಪ್ಪನಿಗೆ ಮಂಡಿನೋವು. ದಿನಾ ಡೈಕ್ಲೋಫೆನಾಕ್ ನುಂಗುತ್ತಾರೆ. ನಿನ್ನೆಯಿಂದ ಮಲ ಟಾರಿನ ಹಾಗೆ ಕಪ್ಪು, ತಲೆ ಸುತ್ತು ಬೇರೆ. ಸೋಡಾ ಕೊಡಲಾ?

ಡಾಕ್ಟರ್: ಏನೂ ಕೊಡಬೇಡಿ! ನೋವಿನ ಮಾತ್ರೆ ನಿಲ್ಲಿಸಿ. ಅದು ಹೊಟ್ಟೆಯ ಒಳಪದರದ ರಕ್ಷಣೆ ಕಳೆಯುತ್ತದೆ. ಹುಣ್ಣಾಗಿ ಒಳಗೆ ರಕ್ತ ಸೋರುತ್ತಿರಬಹುದು. ಈಗಲೇ 108ಕ್ಕೆ ಫೋನ್ ಮಾಡಿ. ಮಾತ್ರೆಯ ಚೀಟಿ ಜೊತೆಗಿರಲಿ.

ಮುಳಬಾಗಿಲು: ಕಬ್ಬಿಣದ ಮಾತ್ರೆಗೂ ಕಪ್ಪಾಗುತ್ತದೆ. ಯಾಕೆ ಹೆದರಿಸುತ್ತೀರಿ?

ಡಾಕ್ಟರ್: ಆಗುತ್ತದೆ. ಆದರೆ ತಲೆ ಸುತ್ತುತ್ತಿರುವ ಮನುಷ್ಯರಿಗೆ ಅದನ್ನು ಇಲ್ಲಿ ಕೂತು ತೀರ್ಮಾನಿಸಬೇಡಿ. ನಿಮ್ಮ ವಾದ ಸಾಕು. ಕೆಜಿಎಫ್‌ನವರೇ, ಫೋನ್ ಮಾಡಿದಿರಾ?

ಕೆಜಿಎಫ್: ಮಾಡಿದೆ. ಗಾಡಿ ಬರುತ್ತಿದೆ.