ಕಿಡ್ನಿ ಕೊಟ್ಟವರಿಗೆ ಹಣ: ಖರ್ಚು ಎಲ್ಲಿಗೆ ಮುಗಿದು ಬೆಲೆ ಎಲ್ಲಿಂದ ಶುರು?

ಪ್ರಶ್ನೆ
ದಾನಿಗೆ ಓಡಾಟದ ಖರ್ಚು, ರಜೆಯ ಸಂಬಳ ಕೊಟ್ಟರೆ ಯಾರದೂ ತಕರಾರಿಲ್ಲ. ಅದರ ಮೇಲೆ ಸ್ವಲ್ಪ ಕೊಟ್ಟರೆ ‘ಮಾರಾಟ’ ಅನ್ನುತ್ತಾರೆ. ಸರ್ಜನ್, ಆಸ್ಪತ್ರೆ, ಔಷಧ ಕಂಪನಿ ಎಲ್ಲರಿಗೂ ದುಡ್ಡು, ಹೊಟ್ಟೆ ಕೊಯ್ಸಿಕೊಂಡವರಿಗೆ ಮಾತ್ರ ಇಲ್ಲ. ಇದ್ಯಾವ ನ್ಯಾಯ?

ಉತ್ತರ 1
ಕೊಡುವ ಮುಂಚೆ ಇದ್ದದ್ದಕ್ಕಿಂತ ದಾನಿಯ ಕೈಯಲ್ಲಿ ಆಮೇಲೆ ಹೆಚ್ಚು ಹಣ ಉಳಿಯಿತೇ ಎಂದು ನೋಡಿ. ಉಳಿಯದಿದ್ದರೆ ಅದು ನಷ್ಟಭರ್ತಿ. ಅಂಗಾಂಗ ಮಾರಾಟವನ್ನು ವಿರೋಧಿಸುವ 2008ರ ಅಂತರರಾಷ್ಟ್ರೀಯ ಇಸ್ತಾಂಬುಲ್ ಘೋಷಣೆಯೂ ಇದನ್ನು ಒಪ್ಪುತ್ತದೆ. ಆದರೆ ನಷ್ಟದ ಲೆಕ್ಕವೇ ಎಷ್ಟೋ ಸಲ ಎಡವಟ್ಟು. ಲ್ಯಾಪ್ರೋಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಆದವರು ಕುಳಿತು ಮಾಡುವ ಕೆಲಸಕ್ಕೆ 2ರಿಂದ 4 ವಾರಗಳಲ್ಲಿ ಮರಳಬಹುದು, ಭಾರ ಎತ್ತುವವರಿಗೆ 6 ವಾರವಾದರೂ ಬೇಕು. ಸಂಬಳದ ಚೀಟಿ ಕೇಳುವ ಯೋಜನೆಯಲ್ಲಿ ದಿನಗೂಲಿಯವರಿಗೆ ಏನೂ ದಕ್ಕುವುದಿಲ್ಲ. ಪ್ರೋತ್ಸಾಹಧನದ ಚರ್ಚೆಗೆ ಮೊದಲು ಈ ತೂತು ಮುಚ್ಚಬೇಕು.

ಉತ್ತರ 2
ನ್ಯಾಯದ ಪ್ರಶ್ನೆ ಸರಿಯಾಗಿಯೇ ಇದೆ, ತೊಡಕಿರುವುದು ತಪಾಸಣೆಯಲ್ಲಿ. ಬಿಪಿ, ಸಕ್ಕರೆ, ಮೂತ್ರದ ಪ್ರೋಟೀನ್ ಅಳೆಯಬಹುದು. ಮನೆತನದಲ್ಲಿದ್ದ ಕಿಡ್ನಿ ಕಾಯಿಲೆ, ಹಿಂದಿನ ಖಿನ್ನತೆ, ಮೊನ್ನೆಯಷ್ಟೇ ತಗುಲಿ ಪರೀಕ್ಷೆಯಲ್ಲಿ ಇನ್ನೂ ಕಾಣದ ಸೋಂಕಿನ ಸಾಧ್ಯತೆ, ಇವನ್ನೆಲ್ಲ ದಾನಿಯೇ ಬಾಯಿಬಿಟ್ಟು ಹೇಳಬೇಕು. ‘ಅನರ್ಹ’ ಅನ್ನಿಸಿಕೊಂಡರೆ ಹಣ ತಪ್ಪುತ್ತದೆ ಎಂದಾಗ ಬಾಯಿ ಕಟ್ಟುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಸಾವು 10,000ಕ್ಕೆ ಸುಮಾರು 3 ಅನ್ನುತ್ತೇವಲ್ಲ, ಅದು ಸೋಸಿ ಆಯ್ದ ದಾನಿಗಳ ಅಂಕಿ. ಮುಚ್ಚಿಟ್ಟು ಬಂದವರಿಗೆ ಅದು ಅನ್ವಯಿಸದು.

ಉತ್ತರ 3
ಇರಾನಿನಲ್ಲಿ ಸಂಬಂಧಿಕರಲ್ಲದ ದಾನಿಗೆ ಸರ್ಕಾರವೇ ಹಣ ಕೊಡುತ್ತದೆ, ಜೊತೆಗೆ ರೋಗಿಯ ಕಡೆಯವರೂ ಕೊಡುತ್ತಾರೆ. ಚೌಕಾಸಿ ನುಸುಳುವುದು ಈ ಎರಡನೆಯ ಕಂತಿನಲ್ಲಿ. ಇನ್ನು, ಚೆನ್ನೈಯಲ್ಲಿ ಕಿಡ್ನಿ ಮಾರಿದ 305 ಜನರ ಅಧ್ಯಯನ 2002ರಲ್ಲಿ ಪ್ರಕಟವಾಯಿತು: 96% ಜನ ಮಾರಿದ್ದು ಸಾಲ ತೀರಿಸಲು, ಆಮೇಲೆ ಕುಟುಂಬದ ವರಮಾನ ಸುಮಾರು ಮೂರನೇ ಒಂದು ಭಾಗ ಕುಸಿದಿತ್ತು. ಅದು ಕಾನೂನಿನ ಹೊರಗಿನ ವ್ಯಾಪಾರ, ನಿಯಂತ್ರಣವಿದ್ದರೆ ಹಾಗಾಗದು ಎನ್ನುವವರಿದ್ದಾರೆ. ದಲ್ಲಾಳಿಗೆ ಹೋಗುತ್ತಿದ್ದ ಪಾಲು ಆಗ ಮಿಕ್ಕೀತು, ಒಪ್ಪೋಣ. ಹೊಟ್ಟೆಯ ಗಾಯ ಮಾಯುವವರೆಗೆ ತಪ್ಪಿದ ಕೂಲಿ ಯಾರು ಕೊಡುತ್ತಾರೆ?

ಪ್ರಶ್ನೆ ಕೇಳಿದವರು
ಹಾಗಾದರೆ ನಗದು ಬಿಟ್ಟು ಆರೋಗ್ಯ ವಿಮೆ, ಪಿಂಚಣಿ ಠೇವಣಿ ಕೊಟ್ಟರೆ?

ಉತ್ತರ 2
ಅವಸರದ ಸಾಲಗಾರ ಬರುವುದು ಕಡಿಮೆಯಾಗುತ್ತದೆ, ನಿಜ. ಪಿಂಚಣಿ ಚರ್ಚಿಸಬಹುದು, ಆದರೆ ವಿಮೆಯನ್ನು ಬಹುಮಾನದ ಪಟ್ಟಿಗೆ ಸೇರಿಸಬೇಡಿ. ಒಂದೇ ಕಿಡ್ನಿಯಲ್ಲಿ ಬದುಕುವವರಿಗೆ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ), ಬಿಪಿ, ಮೂತ್ರ ಪರೀಕ್ಷೆ ಬೇಕೇ ಬೇಕು. ಅದು ಚಿಕಿತ್ಸೆಯ ಉಳಿದ ಭಾಗ, ಪುಕ್ಕಟೆ ಕೊಟ್ಟಿದ್ದರೂ ಸಲ್ಲಬೇಕಾದದ್ದು.